ಪಿಚ್ಚರ್ ಮುಗಿದ್ರ ಸೀದಾ ಚಾ ಟೇಬಲ್ಲಿಗೆ: ಸೇಡಂ ರೋಡ್ ಕಡಿ ಸಣ್ಣ ಟಾಕೀಜ್ ಹ್ಯಾಂಗದ

ಕಲಬುರಗಿಯೊಳಗ ಪಿಚ್ಚರಿಗೆ ಹೋಗೋದಂದ್ರ ಈಗ ಏನಾಗ್ಯಾದ ಅಂದ್ರ ಗಾಡಿ ಹಚ್ಚು, ಟಿಕೆಟ್ ತೋರ್ಸು, ನೋಡು, ಮುಗಿದ್ ಕೂಡ್ಲೇ ಹಿಂದಿನ ಬಾಗಲದಿಂದ ಪಾರ್ಕಿಂಗಿಗೆ ಇಳಿದು ಮನಿಗ್ ಹೋಗು. ಜೋಡಿ ಬಂದವ್ರ ಕೂಡನೂ ಎರಡ್ ಮಾತಾಗಂಗಿಲ್ಲ, ಅವ್ರು ಒಂದ್ ಗಾಡಿ ನೀವೊಂದ್ ಗಾಡಿ. ಸೇಡಂ ರೋಡ್ ಕಡಿ ಹೊಸದಾಗಿ ಶುರು ಆಗಿರೋ ಈ ಟಾಕೀಜ್ ಕಮ್ ಕೆಫೆದಾಗ ಅದನ್ನ ಉಲ್ಟಾ ಮಾಡ್ಯಾರ, ನಲವತ್ತರ ಆಸುಪಾಸು ಸೀಟು, ಒಂದೇ ಸ್ಕ್ರೀನ್, ಹಾಲ್‌ದಿಂದ ಹೊರಗ ಕಾಲಿಟ್ರ ಸೀದಾ ಕೆಫೆ ನಡುವ ಬಂದು ನಿಂದರ್ತೀರಿ (ಫೈರ್ ಎಕ್ಸಿಟ್ ಬ್ಯಾರೇನೇ ಅದ, ಅದನ್ನ ಮೊದಲು ನೋಡ್ಕೊಂಡೇ ಕುಂತೀನಿ). ಮುಂದಿನ ಶೋಕ್ಕ ಮುಕ್ಕಾಲು ತಾಸು ಟೈಮ್ ಬಿಟ್ಟಿರ್ತಾರ, ಅದಕ್ಕ ಕಸಬರಗಿ ಹಿಡಕೊಂಡು ಯಾರೂ ನಿಮ್ಮನ್ನ ಎಬ್ಬಿಸಂಗಿಲ್ಲ.

ನನಗ ಎಲ್ಲಕ್ಕಿಂತ ಸೇರಿದ್ದು ಕೌಂಟರ್. ಗೋಡಿಗೆ ಹಚ್ಚಿಲ್ಲ, ನಡುವ ಇಟ್ಟಾರ. ಇಂಟರ್ವಲ್‌ದಾಗ ಸುತ್ತಲೂ ನಿಂತವ್ರ ಮುಖ ಒಬ್ಬರಿಗೊಬ್ಬರಿಗೆ ಕಾಣ್ತದ, ಮುಖ ಕಂಡ ಮ್ಯಾಲ ನಮ್ಮ ಕಡಿ ಮಂದಿ ಸುಮ್ಮನಿರ್ತಾರೇನ್ರಿ, "ಏನ್ರಿ, ಹೀರೋ ಸಾಯ್ತಾನಂತೀರೇನು" ಅಂತ ಯಾರೋ ಶುರು ಮಾಡೇ ಮಾಡ್ತಾರ. ಇಂಟರ್ವಲ್ನೂ ಇಪ್ಪತ್ತು ನಿಮಿಷ ಕೊಡ್ತಾರ, ಗಡಿಬಿಡಿ ಇಲ್ಲ.

ಆಮ್ಯಾಲ ಆ ಉದ್ದನ್ ಟೇಬಲ್. ಹತ್ತು ಮಂದಿ ಕೂಡೋ ಅಷ್ಟು ಉದ್ದ, ಒಬ್ಬಂಟಿ ಬಂದವ್ರು ಮೂಲಿ ಹಿಡಿತಾರ, ಮೂಲಿಯಾಗ ಕುಂತ್ರ ಬಾಜೂದವ್ರ ಮುಖ ಎದುರಾ ಎದುರು ಬರಂಗಿಲ್ಲ, ಬೇಕಂದ್ರ ಮಾತಾಡಬಹುದು ಬ್ಯಾಡಂದ್ರ ಸುಮ್ಮನಿರಬಹುದು. ಇದು ನನ್ನ ಕಲ್ಪನಾ ಅಲ್ಲ ಮತ್ತ. 1950ರ ದಶಕದಾಗ ಕೆನಡಾದ ಸಾಸ್ಕಾಚೆವಾನ್‌ದಾಗ ಒಂದ್ ಆಸ್ಪತ್ರಿ ವಾರ್ಡಿನೊಳಗ ವಯಸ್ಸಾದ ಹೆಣಮಕ್ಕಳು ಗೋಡಿಗುಂಟ ಸಾಲಾಗಿ ಇಟ್ಟಿದ್ದ ಕುರ್ಚಿ ಮ್ಯಾಲ ದಿನಾ ಮೂಕರಾಗಿ ಕೂಡ್ತಿದ್ರಂತ, ರಾಬರ್ಟ್ ಸಾಮರ್ ಅನ್ನೋ ಮನಶ್ಶಾಸ್ತ್ರಜ್ಞ ಆ ಕುರ್ಚಿ ತಗದು ಸಣ್ಣ ಸಣ್ಣ ಟೇಬಲ್ ಸುತ್ತ ಇಡಿಸಿದ ಮ್ಯಾಲ ಅವ್ರ ಮಾತುಕತಿ ಭಾಳ ಹೆಚ್ಚಾಯ್ತು. ಮಂದಿ ಅವ್ರೇ, ಕುರ್ಚಿ ಇಟ್ಟ ರೀತಿ ಅಷ್ಟೇ ಬ್ಯಾರೆ. ಇಷ್ಟು ತಿಳಿದು ಟೇಬಲ್ ಹಾಕಿದ ಮಾಲೀಕರು ಕಿಟಕಿ ಕಡಿ ಮಾತ್ರ ಇಬ್ಬಿಬ್ಬರು ಕೂಡೋ ಸೋಫಾ ಯಾಕ ಗೋಡಿಗೆ ಮುಖ ಮಾಡಿ ಹಾಕ್ಯಾರೋ ದೇವರಿಗೇ ಗೊತ್ತು, ಅಲ್ಲಿ ಕುಂತವ್ರೆಲ್ಲ ಮೊಬೈಲೇ ನೋಡ್ಲತ್ತಿರ್ತಾರ.

ಇನ್ನ ಬೈಬೇಕಾದ್ದು. ಕೆಫೆಕ್ಕ ನೆಲ ಶಹಾಬಾದ್ ಕಲ್ಲಿಂದು. ಛಂದ ಅದ, ಬ್ಯಾಸಗಿಗೆ ತಂಪು, ನಮ್ಮ ಜಿಲ್ಲಾದ್ದೇ ಕಲ್ಲು, ಅದಕ್ಕ ನನ್ನ ತಕರಾರಿಲ್ಲ. ಆದ್ರ ಕೆಳಗ ಕಲ್ಲು, ಮ್ಯಾಲ ಬರೇ ಸ್ಲ್ಯಾಬು, ಸುತ್ತ ಗಾಜು, ಸಪಳ ಹೀರ್ಕೊಳ್ಳೋ ಮೆತ್ತನ್ ವಸ್ತು ಒಂದೂ ಇಲ್ಲ. ಶೋ ಬಿಟ್ಟಾಗ ಎಲ್ಲಾ ಸಪಳ ಬಡಿದು ಬಡಿದು ವಾಪಸ್ ಬರ್ತದ, ಒಬ್ಬರು ದನಿ ಏರ್ಸಿದ್ರ ಕೇಳಲಿ ಅಂತ ಇನ್ನೊಬ್ಬರು ಇನ್ನಷ್ಟು ಏರಿಸ್ತಾರ, ಹಿಂಗೇ ಹೊಂಟು ಹತ್ತು ನಿಮಿಷದಾಗ ನಮ್ಮೂರ ಸೂಪರ್ ಮಾರ್ಕೆಟ್ ಬಜಾರದಾಗ ಸಂಜಿ ಟೈಮ್ ಆದಂಗಾಗ್ತದ. ಮಂದಿ ಮಾತಾಡ್ಲಿ ಅಂತ ಜಾಗ ಕಟ್ಟಿ ಮಾತೇ ಕೇಳದಂಗ ಮಾಡಿದ್ರ ಹ್ಯಾಂಗ್ರಿ. ಎರಡು ಗೋಡಿಗೆ ದಪ್ಪನ್ ಕಂಬಳಿ ಇಲ್ಲಾ ಜಮಖಾನ ತೂಗ ಹಾಕ್ರಿ, ಭಾಳ ಖರ್ಚಿಲ್ಲ.

ಹಾಲ್ ಬಾಗಲದ್ದೂ ಅದೇ ಕಥಿ. ಹಾಲಿಗೂ ಕೆಫೆಕ್ಕೂ ನಡುವ ಒಂದೇ ಬಾಗಲ. ಒಳಗ ಪರದಿ ಮ್ಯಾಲ ತಾಯಿ ಅಳ್ಲತ್ತಾಳ, ಹೊರಗ ಮಿಕ್ಸಿ ಗುರ್ ಅಂತದ. ಎರಡು ಬಾಗಲ ಹಚ್ಚಿ ನಡುವ ಸಣ್ಣ ಕತ್ತಲ ಜಾಗ ಬಿಟ್ರ ಸಪಳನೂ ನಿಲ್ತದ, ಯಾರಾದ್ರೂ ಹೊರಗ ಹೋದ್ರ ಬೆಳಕೂ ಒಳಗ ಬರಂಗಿಲ್ಲ. ಮುಂದಿನ ಮೂರು ಸಾಲು ಸಮತಟ್ಟು ಅವ, ಮುಂದಿನವ್ರ ತಲಿ ಅಡ್ಡ ಬರಬಾರದಂದ್ರ ನಮ್ಮ ನೋಟ ಅವ್ರ ಕಣ್ಣಿಗಿಂತ 12 ಸೆಂಟಿಮೀಟರ್ ಆದ್ರೂ ಮ್ಯಾಲಿಂದ ಹೋಗ್ಬೇಕು, ಅಲ್ಲಿ ಅದು ಇಲ್ಲೇ ಇಲ್ಲ. ಹಿಂದಿನ ಸಾಲು ತಗೋರಿ. ಪಿಚ್ಚರ್ ಸೌಂಡು ಛಲೋ ಅದ, ಎಸಿ ಬರೋಬ್ಬರಿ.

ತಿನ್ನೋದು? ಸುಸಲಾ ಮಿರ್ಚಿ ಎ ಒನ್. ಪಾಸ್ತಾ ಬ್ಯಾಡ. ಚಾ ಸಣ್ಣ ಕಪ್‌ದಾಗ ಕೊಡ್ತಾರ, ಹಂಗಂತ ಮತ್ತೊಂದ್ ಸಲ ಎದ್ದು ಕೌಂಟರಿಗೆ ಹೋಗ್ಬೇಕಾಗ್ತದ, ಅದು ಒಂದ್ ರೀತಿ ಛಲೋನೇ. ಆದ್ರ ಈಗೀಗ ಟೇಬಲ್ಲಿಗೆ ಕ್ಯೂಆರ್ ಕೋಡ್ ಅಂಟಿಸ್ಯಾರ, ಕುಂತಲ್ಲೇ ಆರ್ಡರ್ ಅಂತ. ಅದನ್ನ ಕಿತ್ತು ಹಾಕ್ರಿ ಮಾರಾಯ್ರೇ, ನಡುವ ಕೌಂಟರ್ ಇಟ್ಟಿದ್ದು ಮತ್ಯಾಕ?

ಗುರುವಾರ ಶೋ ಆದ ಮ್ಯಾಲ ಚರ್ಚಾ ಅಂತ ಮಾಡ್ತಾರ. ಹೆಗ್ಗೋಡಿನ ನೀನಾಸಂನವ್ರು 1973ರಾಗೇ ಚಿತ್ರಸಮಾಜ ಕಟ್ಟಿ ಹಳ್ಳಿ ಮಂದಿಗೆ ದೊಡ್ಡ ದೊಡ್ಡ ಪಿಚ್ಚರ್ ತೋರಿಸಿದವ್ರು, ಅಂಥಾದ್ದೊಂದು ನಮ್ಮೂರಾಗ ಆದ್ರ ನನಗ ಖುಷಿನೇ. ಆದ್ರ ಇಲ್ಲಿ ಮೈಕ್ ಒಬ್ಬರ ಕೈಯಾಗ ಸಿಕ್ರ ಅರ್ಧ ತಾಸು ಅವ್ರದೇ ಭಾಷಣ, ಉಳಿದವ್ರು ಆಕಳಿಸ್ತಾರ. ಮೈಕ್ ಬಿಟ್ಟು ಅದೇ ಉದ್ದನ್ ಟೇಬಲ್ಲಿಗೆ ಕೂಡಿಸಿದ್ರ ಸಾಕು, ಅಲ್ಲಿ ತಾನೇ ಜಗಳ ಹತ್ತತದ.

ಟಿಕೆಟ್ 150, ಚಾ 20. ಐದಕ್ಕ ನಾಲ್ಕು ಸ್ಟಾರ್, ಕಟ್ ಆದ ಒಂದು ಆ ಸಪಳಕ್ಕ. ಆಳಂದ, ಜೇವರ್ಗಿ ಕಡಿಯಿಂದ ಬರೋರು ಮ್ಯಾಟ್ನಿಗೇ ಬರ್ರಿ, ರಾತ್ರಿ ಶೋ ಬಿಟ್ಟು ಮಾತಿಗೆ ಕುಂತ್ರ ಬಸ್ ತಪ್ತದ.