ಗಂಟು ತೆಗೆದರು, ಬಯಾಪ್ಸಿಗೆ ದುಡ್ಡೂ ತಗೊಂಡರು, ಕಳಿಸಲೇ ಇಲ್ಲ – ದಾವಣಗೆರೆಯಲ್ಲಿ ನನಗಾದ ಅನುಭವ

ಸಿಸೇರಿಯನ್ ಆದವರು, ಹೊಲಿಗೆ ಹತ್ತಿರ ಗಂಟು ಇರುವವರು, ಅಂಡಾಶಯದ ಚಾಕೊಲೇಟ್ ಸಿಸ್ಟ್ ತೆಗೆಸಿಕೊಳ್ಳಲು ಹೊರಟವರು ದಯವಿಟ್ಟು ಪೂರ್ತಿ ಓದಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಎಷ್ಟೋ ದಿನ ಒದ್ದಾಡಿದೆ. ಕೊನೆಗೆ ನಮ್ಮನೆಯವರೇ "ಬರಿ, ಇನ್ನೊಬ್ಬರಿಗೆ ಹೀಗಾಗೋದು ಬೇಡ" ಅಂದರು.

ನಾವು ಜಗಳೂರು ಕಡೆಯವರು. 2016ರಲ್ಲಿ ಮಗಳು ಹುಟ್ಟಿದಳು, ಸಿಸೇರಿಯನ್. ನಾಲ್ಕು ವರ್ಷ ಆದಮೇಲೆ ಹೊಲಿಗೆಯ ಎಡತುದಿಯಲ್ಲಿ ಅಡಿಕೆಯಷ್ಟು ಗಂಟು ಕೈಗೆ ಸಿಕ್ಕಿತು. ಸೀರೆ ನೆರಿಗೆ ಸಿಕ್ಕಿಸುವಾಗ ಬೆರಳು ತಾಗಿದರೆ ಜೀವ ಹೋದ ಹಾಗಾಗುತ್ತಿತ್ತು. ಅತ್ತೆ "ಆಪರೇಷನ್ ಆದ ಜಾಗ, ಥಂಡಿಗೆ ಹಿಡಿಯುತ್ತೆ" ಅಂದರು. ನಾನೂ ನಂಬಿದೆ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುತ್ತೇನೆ. ಅದರಲ್ಲೇ ನೋವು ಬಂದ ದಿನಕ್ಕೆ ಒಂದೊಂದು ಚುಕ್ಕೆ ಇಡುತ್ತಾ ಬಂದೆ. ಐದಾರು ತಿಂಗಳ ಹಾಳೆ ತಿರುವಿ ನೋಡಿದರೆ ಚುಕ್ಕೆಗಳೆಲ್ಲ ನಾನು ಹೊರಗಾಗುವ ದಿನಗಳಲ್ಲೇ ಇದ್ದವು.

2022ರ ಸೆಪ್ಟೆಂಬರ್‌ನಲ್ಲಿ ದಾವಣಗೆರೆಯ ಒಂದು ನರ್ಸಿಂಗ್ ಹೋಂಗೆ ಹೋದೆವು. ಹೆಸರು ಬರೆಯುವುದಿಲ್ಲ. ಡಾಕ್ಟರ್ ಎರಡು ನಿಮಿಷ ಒತ್ತಿ ನೋಡಿ "ಏನಿಲ್ಲಮ್ಮ, ಹೊಲಿಗೆ ದಾರದ ಗಂಟು, ಇಲ್ಲಾ ಕೊಬ್ಬಿನ ಗಂಟು. ತೆಗೆದುಬಿಡೋಣ" ಅಂದರು. ನೋವು ಯಾವಾಗ ಜಾಸ್ತಿ ಆಗುತ್ತೆ ಅಂತ ಅವರು ಕೇಳಲಿಲ್ಲ. ಪಕ್ಕದಲ್ಲಿ ಅಟೆಂಡರ್ ಹುಡುಗ ನಿಂತಿದ್ದ, ಮುಟ್ಟಿನ ಮಾತು ಎತ್ತಲು ನನಗೂ ಬಾಯಿ ಬರಲಿಲ್ಲ. ಇವತ್ತಿಗೂ ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆಪರೇಷನ್ ಆದಮೇಲೆ ಸಣ್ಣ ಸ್ಟೀಲ್ ಬಟ್ಟಲು ತಂದು ನಮ್ಮನೆಯವರಿಗೆ ತೋರಿಸಿದರಂತೆ. ಬಿಳಿ ಗಾಜ್ ಬಟ್ಟೆ ಮೇಲೆ ಗಟ್ಟಿ ಮಾಂಸದ ತುಂಡು, ನಡುವೆ ಕಾಫಿ ಬಣ್ಣದ ಕಲೆಗಳು. "ಇದನ್ನ ಬಯಾಪ್ಸಿಗೆ ಕಳಿಸ್ತೀವಿ" ಅಂತ ಸಿಸ್ಟರ್ ಹೇಳಿದ್ದಾರೆ. ಬಯಾಪ್ಸಿ ಅಂದರೆ ತೆಗೆದ ಮಾಂಸವನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಏನು ಕಾಯಿಲೆ ಅಂತ ನೋಡುವುದು. ಬಿಲ್ ಒಟ್ಟು 26,400. ಅದರಲ್ಲಿ ಒಂದು ಸಾಲು, ಬಯಾಪ್ಸಿ 1,500. ಕಟ್ಟಿದೆವು, ರಸೀದಿ ತಗೊಂಡೆವು. ಹೊಲಿಗೆ ಬಿಚ್ಚಿಸಲು ಹೋದಾಗ ಸಿಹಿ ಬೇರೆ ಕೊಟ್ಟು ಬಂದೆ.

ರಿಪೋರ್ಟ್ ಕೇಳಿದರೆ "ಬಂದ ತಕ್ಷಣ ನಾವೇ ಫೋನ್ ಮಾಡ್ತೀವಿ ಅಕ್ಕಾ." ಮೂರು ವಾರ ಆಯಿತು. "ಲ್ಯಾಬಿನ ಹುಡುಗ ಮದುವೆಗೆ ಹೋಗಿದಾನೆ." ಇನ್ನೊಮ್ಮೆ ಮಾಡಿದೆ. "ಸರ್ ನೋಡಿದಾರಂತೆ, ನಾರ್ಮಲ್ಲಂತೆ." ಹಾಳೆ ಕೊಡಿ ಅಂದರೆ "ನಾರ್ಮಲ್ ಅಂದ್ಮೇಲೆ ಹಾಳೆ ಯಾಕಕ್ಕಾ?" ನಾನು ಸುಮ್ಮನಾದೆ. ಹೌದು, ಸುಮ್ಮನಾಗಿಬಿಟ್ಟೆ.

2024ರಲ್ಲಿ ಅದೇ ಜಾಗದಲ್ಲಿ ಗಂಟು ಮತ್ತೆ ಬಂತು. ಈ ಸಲ ನಿಂಬೆಹಣ್ಣಿನಷ್ಟು. ಬೇರೆ ಕಡೆ ಲೇಡಿ ಡಾಕ್ಟರ್ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದೇ "ನೋವು ಮುಟ್ಟಿನ ಹೊತ್ತಿಗೆ ಜಾಸ್ತಿ ಆಗುತ್ತಾ?" ಅಂತ. ನನಗೆ ಕಣ್ಣಲ್ಲಿ ನೀರು ಬಂತು. ನಾಲ್ಕು ವರ್ಷದಿಂದ ಯಾರೂ ಕೇಳದ ಮಾತು.

ಅವರು ಹೇಳಿದ್ದು ಇಷ್ಟು. ಗರ್ಭಕೋಶದ ಒಳಪದರದಂಥ ಅಂಶ ಗರ್ಭಕೋಶದ ಹೊರಗೆ ಬೆಳೆದರೆ ಅದು ಎಂಡೋಮೆಟ್ರಿಯೋಸಿಸ್. ಅಂಡಾಶಯದಲ್ಲಿ ಬೆಳೆದರೆ ಹಳೇ ರಕ್ತ ತುಂಬಿಕೊಂಡು ಚಾಕೊಲೇಟ್ ಸಿಸ್ಟ್ ಆಗುತ್ತದೆ. ಸಿಸೇರಿಯನ್ ಮಾಡುವಾಗ ಆ ಅಂಶ ಹೊಲಿಗೆ ಜಾಗಕ್ಕೆ ಹತ್ತಿಕೊಂಡು ಅಲ್ಲೇ ಬೆಳೆಯುವುದೂ ಉಂಟು. ಪ್ರತಿ ತಿಂಗಳು ಅದೂ ಸ್ರವಿಸುತ್ತದೆ, ಹೊರಗೆ ಹೋಗಲು ದಾರಿ ಇಲ್ಲ, ಊದಿಕೊಂಡು ನೋಯುತ್ತದೆ. ಲೋಕದಲ್ಲಿ ಮುಟ್ಟಾಗುವ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಹತ್ತು ಜನರಿಗೆ ಎಂಡೋಮೆಟ್ರಿಯೋಸಿಸ್ ಇದೆಯಂತೆ. ಹೊಲಿಗೆ ಜಾಗದ್ದು ಮಾತ್ರ ಕಡಿಮೆ. ತೆಗೆಯುವಾಗ ಸುತ್ತ ಒಂದು ಸೆಂಟಿಮೀಟರಿನಷ್ಟು ಚೆನ್ನಾಗಿರುವ ಮಾಂಸವನ್ನೂ ಸೇರಿಸಿ ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ. ನನ್ನದು ಮತ್ತೆ ಬಂದಿತ್ತು.

ಆಮೇಲೆ ಕೇಳಿದರು, "ಹಳೇ ಬಯಾಪ್ಸಿ ರಿಪೋರ್ಟ್ ಎಲ್ಲಿ?"

ನಾರ್ಮಲ್ ಅಂದರು ಮೇಡಂ, ಹಾಳೆ ಕೊಡಲಿಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟರು. "ಹೆದರಬೇಡಿ, ಇದು ತುಂಬಾ ಅಪರೂಪ. ಆದರೆ ಇಂಥ ಗಂಟಿನಲ್ಲಿ ಎಲ್ಲೋ ಒಬ್ಬರಿಗೆ ಕ್ಯಾನ್ಸರ್ ಹುಟ್ಟುತ್ತೆ. ಕ್ಲಿಯರ್ ಸೆಲ್ ಅನ್ನೋ ಜಾತಿ. ಮತ್ತೆ ಬಂದಿರೋದರಿಂದ ಮೊದಲನೇದರಲ್ಲಿ ಏನಿತ್ತು ಅಂತ ನನಗೆ ಗೊತ್ತಾಗಬೇಕು. ರಿಪೋರ್ಟ್ ಇಲ್ಲದಿದ್ದರೂ ಪರವಾಗಿಲ್ಲ, ಲ್ಯಾಬಿನಲ್ಲಿ ಗಂಟಿನ ತುಂಡನ್ನ ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡಿ ಇಟ್ಟಿರ್ತಾರೆ, ತನ್ನಿ" ಅಂದರು.

ನಮ್ಮನೆಯವರು ನರ್ಸಿಂಗ್ ಹೋಂಗೆ ಹೋದರು. "ಎರಡು ವರ್ಷದ ಹಿಂದಿನದು ಈಗ ಯಾಕೆ ಸರ್?" ಬಹಳ ಹೊತ್ತು ಕೂರಿಸಿ, ಲ್ಯಾಬಿನ ಹೆಸರು ಹೇಳಿದರು. ಲ್ಯಾಬಿಗೂ ಹೋದರು. ಅಲ್ಲಿ ಒಬ್ಬರು ವಯಸ್ಸಾದವರು ದಪ್ಪ ರಿಜಿಸ್ಟರ್ ತೆಗೆದು, ಸೆಪ್ಟೆಂಬರ್ ತಿಂಗಳ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರಂತೆ. ಅಕ್ಟೋಬರ್ ತಿಂಗಳದ್ದೂ ಓದಿದರು. "ಅವರ ಕಡೆಯಿಂದ ಮೂರು ಬಂದಿವೆ. ನಿಮ್ಮ ಮನೆಯವರ ಹೆಸರಿಲ್ಲಪ್ಪ" ಅಂದರು.

ಬಂದೇ ಇಲ್ಲ. ಕಳಿಸೇ ಇಲ್ಲ. ನನ್ನ ಮೈಯಿಂದ ತೆಗೆದ ಗಂಟನ್ನು ಬಿಸಾಕಿ, ನಾರ್ಮಲ್ ಅಂತ ಫೋನಿನಲ್ಲಿ ಹೇಳಿದ್ದಾರೆ!

ಮಾರನೇ ದಿನ ಇಬ್ಬರೂ ಹೋಗಿ ಆ ಡಾಕ್ಟರ್ ಎದುರು ಕೂತೆವು. "ನೋಡಮ್ಮ, ಕೊಬ್ಬಿನ ಗಂಟು ಅಂತ ಕಣ್ಣಿಗೇ ಕಾಣ್ತಿತ್ತು. ಕಳಿಸೋ ಅಗತ್ಯ ಇರಲಿಲ್ಲ." ಹಾಗಾದರೆ ಬಿಲ್‌ನಲ್ಲಿ ಯಾಕೆ ಹಾಕಿದಿರಿ? "ಅದು ಕೌಂಟರ್‌ನವರ ಕೆಲಸ." ನಾರ್ಮಲ್ ಅಂತ ಯಾಕೆ ಹೇಳಿದರು? "ಯಾರು ಹೇಳಿದ್ದು? ಹೆಸರು ಹೇಳಿ." ನನಗೆ ಹೆಸರು ಗೊತ್ತಿಲ್ಲ. ಕಡೆಗೆ ಡ್ರಾಯರ್ ಎಳೆದು ಮೂರು ಐನೂರರ ನೋಟು ಮೇಜಿನ ಮೇಲಿಟ್ಟರು. "ತಗೊಳ್ಳಿ, 1,500 ತಾನೆ, ಜಗಳ ಯಾಕೆ?" ನನ್ನ ಕೈಕಾಲು ನಡುಗಿದವು. ದುಡ್ಡು ಮುಟ್ಟಲಿಲ್ಲ, ಎದ್ದು ಬಂದೆ. ಮೆಟ್ಟಿಲು ಇಳಿಯುವಾಗ ಅತ್ತುಬಿಟ್ಟೆ. ಅಲ್ಲಿದ್ದವರೆಲ್ಲ ನೋಡುತ್ತಿದ್ದರು.

ಎರಡನೇ ಆಪರೇಷನ್ ದಿನ ನೋಡಿದೆ, ಸರಿಯಾಗಿ ಮಾಡುವವರು ಹೇಗೆ ಮಾಡುತ್ತಾರೆ ಅಂತ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮಾಂಸ ಕೆಡದಂತೆ ಇಡುವ ಫಾರ್ಮಲಿನ್ ದ್ರವ, ಮೇಲೆ ಚೀಟಿ. ಚೀಟಿಯಲ್ಲಿ ನನ್ನ ಹೆಸರು, ವಯಸ್ಸು, ನಂಬರ್, ಯಾವ ಜಾಗದ ಮಾಂಸ ಅಂತ. ಸಿಸ್ಟರ್ ನಮ್ಮನೆಯವರ ಕೈಲೇ ಓದಿಸಿ ಸಹಿ ಹಾಕಿಸಿಕೊಂಡರು. ಇಷ್ಟೇ ಕೆಲಸ! ಐದು ನಿಮಿಷ ಹಿಡಿಯಲಿಲ್ಲ.

ರಿಪೋರ್ಟ್ ಬರಲು ಹನ್ನೊಂದು ದಿನ. ಅದರ ನಡುವೆ ಸಿಎ-125 ಅನ್ನೋ, ಅಂಡಾಶಯದ ಕ್ಯಾನ್ಸರ್‌ನ ಸುಳಿವಿಗೂ ನೋಡುವ ರಕ್ತಪರೀಕ್ಷೆ ಸ್ವಲ್ಪ ಜಾಸ್ತಿ ಬಂತು. ಎಂಡೋಮೆಟ್ರಿಯೋಸಿಸ್‌ನಲ್ಲೂ ಅದು ಜಾಸ್ತಿ ಇರುತ್ತೆ ಅಂತ ಮೇಡಂ ಸಮಾಧಾನ ಹೇಳಿದರು. ನನಗೆ ನಿದ್ದೆ ಬರಲಿಲ್ಲ. ಮಗಳ ತಲೆ ಬಾಚುವಾಗ ಕೈ ನಿಂತುಬಿಡುತ್ತಿತ್ತು. ಹನ್ನೆರಡನೇ ದಿನ ಹಾಳೆ ಕೈಗೆ ಬಂತು. ಹೊಲಿಗೆ ಜಾಗದ ಎಂಡೋಮೆಟ್ರಿಯೋಸಿಸ್, ಕ್ಯಾನ್ಸರ್ ಇಲ್ಲ. ದೇವರು ದೊಡ್ಡವನು. ಆದರೆ ಮೊದಲನೇ ಗಂಟಿನಲ್ಲಿ ಏನಿತ್ತು ಅಂತ ಇನ್ನು ಯಾವ ಡಾಕ್ಟರೂ ಹೇಳಲಾರರು. ಅದಕ್ಕೇ ನಾನು ಆರಾರು ತಿಂಗಳಿಗೆ ಸ್ಕ್ಯಾನ್ ಮಾಡಿಸಬೇಕಂತೆ.

ಗೊತ್ತಿರಲಿಲ್ಲ ಅಂತ ಆ ಮೊದಲಿನ ಡಾಕ್ಟರ್ ಹೇಳುವ ಹಾಗೂ ಇಲ್ಲ. ಎಂಡೋಮೆಟ್ರಿಯೋಸಿಸ್‌ನಿಂದ ಅಂಡಾಶಯದ ಕ್ಯಾನ್ಸರ್ ಹುಟ್ಟಬಹುದು ಅಂತ ಅಮೆರಿಕದ ಡಾಕ್ಟರ್ ಜಾನ್ ಸ್ಯಾಂಪ್ಸನ್ 1925ರಲ್ಲೇ ಬರೆದಿದ್ದಾರೆ. ನೂರು ವರ್ಷದ ಹಿಂದಿನ ಮಾತು ಇದು. ಅಪರೂಪ ನಿಜ. ಅಪರೂಪ ಅಂತಲೇ ತಾನೆ ನೋಡಬೇಕಾದದ್ದು?

ನಿಮ್ಮ ಮೈಯಿಂದ ಏನೇ ತೆಗೆಯಲಿ, ಯಾವ ಲ್ಯಾಬಿಗೆ ಹೋಯಿತು, ಬಯಾಪ್ಸಿ ನಂಬರ್ ಎಷ್ಟು ಅಂತ ಅವತ್ತೇ ಬರೆದುಕೊಳ್ಳಿ. ಬಾಯಿಮಾತಿನ ನಾರ್ಮಲ್ ನಂಬಬೇಡಿ, ಹಾಳೆ ಕೈಗೆ ಬರುವವರೆಗೆ ಬಿಡಬೇಡಿ. ಕಾಗದಪತ್ರ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯರ ನಿಯಮದಲ್ಲೇ ಇದೆ, ಬರವಣಿಗೆಯಲ್ಲಿ ಕೇಳಿ. ನೋವು ಮುಟ್ಟಿನ ಜೊತೆ ಬರುತ್ತಿದ್ದರೆ ಅಟೆಂಡರ್ ಇರಲಿ, ಮಾವನವರೇ ಇರಲಿ, ಬಾಯಿಬಿಟ್ಟು ಹೇಳಿ. ನಾನು ಹೇಳಲಿಲ್ಲ.

ನಾನು ಆ ನರ್ಸಿಂಗ್ ಹೋಂಗೆ ಬರವಣಿಗೆಯಲ್ಲಿ ಕೇಳಿ, ರಿಜಿಸ್ಟರ್ ಪೋಸ್ಟ್ ಹಾಕಿದೆ. ಸಹಿ ಮಾಡಿ ತಗೊಂಡಿದ್ದಾರೆ. ಉತ್ತರ ಬಂದಿಲ್ಲ. ರಸೀದಿ, ಬಿಲ್ಲು, ಚುಕ್ಕೆ ಇಟ್ಟ ಕ್ಯಾಲೆಂಡರ್ ಹಾಳೆ ಎಲ್ಲ ಒಂದು ಫೈಲ್ ಮಾಡಿದ್ದೇನೆ. ಸೋಮವಾರ ಜಿಲ್ಲಾ ಆರೋಗ್ಯಾಧಿಕಾರಿ ಆಫೀಸಿಗೆ ಕೊಡಲು ಹೋಗುತ್ತಿದ್ದೇವೆ.