ಬ್ಲಾಕಿಂಗ್ ಪೆಪ್ಟೈಡ್: ಮೂರು ವರ್ಷ ಬಳಸಿದ ಮೇಲೆ

ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ, ಮೆಂಬ್ರೇನ್ ಅನ್ನುವ ತೆಳು ಹಾಳೆಗೆ ಇಳಿಸಿ, ನಮಗೆ ಬೇಕಾದದ್ದನ್ನು ಆಂಟಿಬಾಡಿಯಿಂದ ಹಿಡಿದು ಕಪ್ಪು ಪಟ್ಟೆಯಾಗಿ (ಬ್ಯಾಂಡ್) ನೋಡುತ್ತೇವೆ. ಆ ಆಂಟಿಬಾಡಿಯನ್ನು ತಡೆದು ನೋಡಲು ಮೂರು ವರ್ಷದಲ್ಲಿ ಆರೇಳು ಬ್ಲಾಕಿಂಗ್ ಪೆಪ್ಟೈಡ್ ಸೀಸೆ ಖಾಲಿ ಮಾಡಿದ್ದೇನೆ. ಕೊಳ್ಳಬಹುದಾ ಅಂದರೆ, ಧಾರಾಳವಾಗಿ ಕೊಳ್ಳಿ. ಆಂಟಿಬಾಡಿಗೆ ಶುದ್ಧ ನಡತೆಯ ಪ್ರಮಾಣಪತ್ರ ಸಿಗುತ್ತದೆ ಅಂತ ಮಾತ್ರ ಕೊಳ್ಳಬೇಡಿ.

ಆಂಟಿಬಾಡಿ ಬೆಳೆಸುವಾಗ ಪ್ರಾಣಿಗೆ ಚುಚ್ಚಿದ್ದ ಅದೇ ಹತ್ತಿಪ್ಪತ್ತು ಅಮೈನೋ ಆಮ್ಲಗಳ ತುಣುಕು ಇದು. ಮೊದಲೇ ಬೆರೆಸಿಟ್ಟರೆ ಆಂಟಿಬಾಡಿಯ ಎರಡೂ ಕೈ ತುಂಬಿರುತ್ತವೆ, ಮೆಂಬ್ರೇನಿನ ಮೇಲಿನ ಪ್ರೋಟೀನನ್ನು ಹಿಡಿಯಲು ಕೈಯೇ ಉಳಿಯುವುದಿಲ್ಲ. ನಾನು ತೂಕದಲ್ಲಿ ಐದು ಪಟ್ಟು ಪೆಪ್ಟೈಡ್ ಹಾಕಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತೇನೆ. ಐದು ಪಟ್ಟು ಕಡಿಮೆಯಾಯಿತೇನೋ ಅನ್ನಬೇಡಿ. ಆಂಟಿಬಾಡಿ 150 ಕಿಲೋಡಾಲ್ಟನ್ (ಅಣುತೂಕದ ಅಳತೆ), ಪೆಪ್ಟೈಡ್ ಹೆಚ್ಚುಕಡಿಮೆ ಎರಡು ಕಿಲೋಡಾಲ್ಟನ್. ಅಣುಗಳ ಲೆಕ್ಕದಲ್ಲಿ ಅದು 400 ಪಟ್ಟಿನ ಆಸುಪಾಸು.

ಮೊದಲ ವರ್ಷ ಬಲು ಖುಷಿಯಲ್ಲಿದ್ದೆ. ನಮ್ಮ ಪ್ರೋಟೀನಿನ ಬ್ಯಾಂಡ್ 62 ಕಿಲೋಡಾಲ್ಟನ್‌ನಲ್ಲಿ ಬರಬೇಕು, ಬರುತ್ತಿತ್ತು. ಜೊತೆಗೆ 45ರಲ್ಲಿ ಇನ್ನೊಂದು. ಪೆಪ್ಟೈಡ್ ಹಾಕಿದರೆ ಎರಡೂ ಮಾಯ. ಸರಿ, ಕೆಳಗಿನದು ನಮ್ಮ ಪ್ರೋಟೀನೇ ತುಂಡಾದದ್ದು ಅಂತ ಲ್ಯಾಬ್ ಮೀಟಿಂಗಿನಲ್ಲಿ ಸ್ಲೈಡ್ ತೋರಿಸಿ ಬೀಗಿದೆ. ಎಂಟು ತಿಂಗಳ ನಂತರ ನಾಕ್‌ಔಟ್ ಕೋಶಗಳ, ಅಂದರೆ ನಮ್ಮ ಪ್ರೋಟೀನಿನ ಜೀನನ್ನೇ ಕೆಡಿಸಿದ ಕೋಶಗಳ ಲೈಸೇಟ್ (ಕೋಶ ಒಡೆದು ತೆಗೆದ ರಸ) ಕೈಗೆ ಬಂತು. 62 ಇಲ್ಲ. 45 ಮಾತ್ರ ಮೊದಲಿನಷ್ಟೇ ಕಪ್ಪಗೆ ಕೂತಿತ್ತು! ಅದು ಬೇರೆಯೇ ಪ್ರೋಟೀನು. ಆಂಟಿಬಾಡಿ ಅದನ್ನೂ ಅದೇ ಕೈಯಿಂದ ಹಿಡಿಯುತ್ತಿತ್ತು, ಹಾಗಾಗಿ ಕೈ ತುಂಬಿಸಿದಾಗ ಅದೂ ಕಾಣೆಯಾಗುತ್ತಿತ್ತು. ಆಂಟಿಬಾಡಿ ಪರೀಕ್ಷೆಗೆಂದು ಅಂತರರಾಷ್ಟ್ರೀಯ ಕಾರ್ಯಗುಂಪೊಂದು 2016ರಲ್ಲಿ ಸೂಚಿಸಿದ ಐದು ದಾರಿಗಳಲ್ಲಿ ಪೆಪ್ಟೈಡ್ ಯಾಕಿಲ್ಲ ಅನ್ನುವುದು ಆಗ ತಲೆಗೆ ಹೋಯಿತು.

ಹಾಗಾದರೆ ಉಪಯೋಗ? ಪೆಪ್ಟೈಡ್ ಹಾಕಿದ ಮೇಲೂ ಉಳಿಯುವ ಬ್ಯಾಂಡನ್ನು ಕಣ್ಣುಮುಚ್ಚಿ ಪಟ್ಟಿಯಿಂದ ತೆಗೆಯಬಹುದು. ಸಾಮಾನ್ಯವಾಗಿ ಅದು ಸೆಕೆಂಡರಿಯದ್ದೋ (ಮೊದಲ ಆಂಟಿಬಾಡಿಯನ್ನು ಹಿಡಿದು ತೋರಿಸುವ ಎರಡನೆಯ ಆಂಟಿಬಾಡಿ), ಪಾಲಿಕ್ಲೋನಲ್‌ನಲ್ಲಿ (ಹಲವು ಆಂಟಿಬಾಡಿಗಳ ಬೆರಕೆ) ಸೇರಿಕೊಂಡ ಬೇರೆ ಆಂಟಿಬಾಡಿಯದ್ದೋ ಕಿತಾಪತಿ. ಪ್ರೋಟೀನಿಗೆ ಫಾಸ್ಫೇಟ್ ಅಂಟಿದ್ದಾಗ ಮಾತ್ರ ಹಿಡಿಯಬೇಕಾದ ಫಾಸ್ಫೋ ಆಂಟಿಬಾಡಿಗಂತೂ ಇದು ಬೇಕೇ ಬೇಕು. ಫಾಸ್ಫೇಟ್ ಇರುವ ಪೆಪ್ಟೈಡ್ ಬ್ಯಾಂಡನ್ನು ಅಳಿಸಬೇಕು, ಇಲ್ಲದ್ದು ಅಳಿಸಬಾರದು. ಒಮ್ಮೆ ಎರಡೂ ಅಳಿಸಿದವು, ಆ ಆಂಟಿಬಾಡಿಯನ್ನು ಅವತ್ತೇ ಬಿಟ್ಟೆ. ನಿಮ್ಮದು ಮಾನೋಕ್ಲೋನಲ್ (ಒಂದೇ ಬಗೆಯ ಆಂಟಿಬಾಡಿ) ಆಗಿದ್ದು, ಪ್ರೋಟೀನಿನ ಮಡಿಕೆಯನ್ನೇ ಗುರುತಿಸುವಂಥದ್ದಾದರೆ ಚಿಕ್ಕ ಪೆಪ್ಟೈಡಿಗೆ ದುಡ್ಡು ಸುರಿಯಬೇಡಿ.

ಒಂದು ತಕರಾರು. ಪೆಪ್ಟೈಡಿನ ಸೀಕ್ವೆನ್ಸ್ (ಅಮೈನೋ ಆಮ್ಲಗಳ ಸಾಲು) ಏನು ಅಂತ ನಾನು ಕೇಳಿದರೆ ಒಬ್ಬ ಮಾರಾಟಗಾರರು ವ್ಯಾಪಾರ ಗುಟ್ಟು ಅಂದರು. ಸೀಕ್ವೆನ್ಸ್ ಗೊತ್ತಿಲ್ಲದೆ ಅದು ಇನ್ನಾವ ಪ್ರೋಟೀನಿನಲ್ಲಿದೆ ಅಂತ ಹುಡುಕುವುದು ಹೇಗೆ? ಈಗ ಸೀಕ್ವೆನ್ಸ್ ಕೊಡುವವರ ಹತ್ತಿರವಷ್ಟೇ ತರಿಸುತ್ತೇನೆ.

ಇನ್ನೊಂದು ತಪ್ಪು ನನ್ನದೇ. ಪೆಪ್ಟೈಡ್ ಹಾಕಿದ ಮೆಂಬ್ರೇನನ್ನು ಹತ್ತು ಸೆಕೆಂಡು, ಹಾಕದ್ದನ್ನು ಒಂದು ನಿಮಿಷ ಎಕ್ಸ್‌ಪೋಸ್ ಮಾಡಿ ‘ಬ್ಯಾಂಡ್ ಹೋಯ್ತು’ ಅಂದಿದ್ದೆ. ಈಗ ಒಂದೇ ಮೆಂಬ್ರೇನ್ ಕತ್ತರಿಸಿ, ಅಕ್ಕಪಕ್ಕ ಇಟ್ಟು, ಒಟ್ಟಿಗೇ ಚಿತ್ರ ತೆಗೆಯುತ್ತೇನೆ. ಸೀಸೆ ಬಂದ ದಿನವೇ ಹತ್ತು ಹತ್ತು ಮೈಕ್ರೋಲೀಟರಾಗಿ ಹಂಚಿ -20ಕ್ಕೆ ಹಾಕಿಡಿ. ಸೀಕ್ವೆನ್ಸಿನಲ್ಲಿ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಇದ್ದರೆ, ಫ್ರೀಜರ್‌ನಿಂದ ತೆಗೆದು ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಲೇಬೇಡಿ.