ಎಚ್‌ಐವಿಯ ವಂಶವೃಕ್ಷ ನೀವೇ ಬಿಡಿಸಿ ನೋಡಿ: ಲಾಸ್ ಅಲಮೋಸ್ ಡೇಟಾಬೇಸ್ ಹೇಗಿದೆ?

ಎಚ್‌ಐವಿ ಲ್ಯಾಬ್‌ನಲ್ಲಿ ಹುಟ್ಟಿದ್ದು, ಪೋಲಿಯೊ ಲಸಿಕೆ ಜೊತೆ ಬಂದದ್ದು ಅಂತೆಲ್ಲ ಹೇಳುವವರು ಈಗಲೂ ಇದ್ದಾರೆ. ಅವರ ಜೊತೆ ವಾದಕ್ಕಿಳಿಯುವ ಮೊದಲು ಒಂದು ಕಡೆ ಹೋಗಿ ನೋಡಿ ಬನ್ನಿ. ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯ ನಡೆಸುವ ಎಚ್‌ಐವಿ ಸೀಕ್ವೆನ್ಸ್ ಡೇಟಾಬೇಸ್ ಅದು. ಸೀಕ್ವೆನ್ಸ್ ಅಂದರೆ ವೈರಸ್‌ನ ಜೀನ್‌ಗಳನ್ನು ಅಕ್ಷರ ಅಕ್ಷರವಾಗಿ ಓದಿ ಬರೆದಿಟ್ಟ ಸಾಲು. ದುಡ್ಡು ಕೊಡಬೇಕಿಲ್ಲ. ಸಂಶೋಧಕರಿಗೆ ಅಂತ ಮಾಡಿದ್ದು ನಿಜ, ಆದರೆ ಬಾಗಿಲು ಎಲ್ಲರಿಗೂ ತೆರೆದಿದೆ. ನನ್ನ ಮಟ್ಟಿಗೆ ಈ ವಿಷಯದ ಬಗ್ಗೆ ಇಂಟರ್ನೆಟ್‌ನಲ್ಲಿ ಸಿಗುವುದರಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಯಾಕೆ ಅಂದರೆ ಇಲ್ಲಿ ಯಾರೂ ನಿಮ್ಮನ್ನು ನಂಬಿಸಲು ಹೋಗುವುದಿಲ್ಲ. ಸಾಕ್ಷಿಯನ್ನೇ ಮುಂದಿಟ್ಟು ಸುಮ್ಮನಾಗುತ್ತಾರೆ.

ಮೊದಲು ಅಲೈನ್‌ಮೆಂಟ್ ವಿಭಾಗಕ್ಕೆ ಹೋಗಿ. ಬೇರೆ ಬೇರೆ ವೈರಸ್‌ಗಳ ಸೀಕ್ವೆನ್ಸ್‌ಗಳನ್ನು ಸಾಲಿನ ಕೆಳಗೆ ಸಾಲು ಬರುವಂತೆ ಜೋಡಿಸಿಟ್ಟ ಫೈಲುಗಳು ಅಲ್ಲಿ ಸಿದ್ಧವಾಗಿ ಸಿಗುತ್ತವೆ. ಯಾವ ವೈರಸ್ ಬೇಕು ಅಂತ ಆರಿಸುವ ಪಟ್ಟಿ ನೋಡಿ. ಎಚ್‌ಐವಿ-1 ಮತ್ತು ಚಿಂಪಾಂಜಿಯ ಎಸ್‌ಐವಿ (ಕೋತಿ, ವಾನರಗಳಲ್ಲಿರುವ ಎಚ್‌ಐವಿಯ ನೆಂಟ ವೈರಸ್) ಒಂದೇ ಗುಂಪಿನಲ್ಲಿವೆ. ಎಚ್‌ಐವಿ-2 ಮತ್ತು ಸೂಟಿ ಮ್ಯಾಂಗಬಿ ಅನ್ನುವ ಕೋತಿಯ ಎಸ್‌ಐವಿ ಇನ್ನೊಂದು ಗುಂಪಿನಲ್ಲಿವೆ. ಮನುಷ್ಯರ ಎರಡೂ ವೈರಸ್‌ಗಳನ್ನು ಒಟ್ಟಿಗೆ ಇಟ್ಟು ಪ್ರಾಣಿಗಳದ್ದನ್ನು ಪ್ರತ್ಯೇಕ ಮಾಡಬಹುದಿತ್ತು ಅಲ್ವಾ? ಹಾಗೆ ಮಾಡಿಲ್ಲ, ಮಾಡಿದ್ದರೆ ತಪ್ಪಾಗುತ್ತಿತ್ತು. ಎಚ್‌ಐವಿ-1ಕ್ಕೆ ಎಚ್‌ಐವಿ-2 ದೂರದ ನೆಂಟ, ಚಿಂಪಾಂಜಿಯ ವೈರಸ್ಸೇ ಹತ್ತಿರದ್ದು.

ಇನ್ನು ಪ್ರತಿ ಸಾಲಿನ ಹೆಸರು. ನನಗೆ ತುಂಬಾ ಇಷ್ಟವಾದದ್ದು ಇದೇ. ಮೊದಲು ಗುಂಪು, ಆಮೇಲೆ ದೇಶದ ಕೋಡ್, ಆಮೇಲೆ ಮಾದರಿ ತೆಗೆದ ವರ್ಷ, ಕೊನೆಗೆ ವೈರಸ್‌ನ ಹೆಸರು ಮತ್ತು ದಾಖಲೆ ಸಂಖ್ಯೆ. ಎಲ್ಲರೂ ಅಳತೆಗೋಲಾಗಿ ಬಳಸುವ ಎಚ್‌ಎಕ್ಸ್‌ಬಿ2 ಅನ್ನುವ ಸೀಕ್ವೆನ್ಸ್ ತೆಗೆದುಕೊಳ್ಳಿ. ಬಿ ಉಪಗುಂಪು, ಫ್ರಾನ್ಸ್, 1983 ಅಂತ ಹೆಸರಲ್ಲೇ ಬರೆದಿದೆ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಈ ವೈರಸ್ ಮೊದಲು ಸಿಕ್ಕಿದ ವರ್ಷ ಅದು. ಆದರೆ ದೇಶದ ಕೋಡ್ ನೋಡುವಾಗ ಸ್ವಲ್ಪ ಹುಷಾರಾಗಿರಿ. ಮಾದರಿ ಎಲ್ಲಿ ತೆಗೆದರು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಚಿಂಪಾಂಜಿ ವೈರಸ್‌ಗಳ ನಡುವೆ ಅಮೆರಿಕ, 1985 ಅಂತ ಒಂದು ಸಾಲು ಬರುತ್ತದೆ. ಅದು ಮರ್ಲಿನ್ ಅನ್ನುವ ಚಿಂಪಾಂಜಿಯದ್ದು. ಆಫ್ರಿಕಾದ ಕಾಡಿನಲ್ಲಿ ಹಿಡಿದು ಅಮೆರಿಕಕ್ಕೆ ಸಾಗಿಸಿದ ಪ್ರಾಣಿ ಅದು. ಇದು ಗೊತ್ತಿಲ್ಲದೆ ಆ ಕೋಡ್ ನೋಡಿದವರು ಹೊಸ ಕಥೆ ಕಟ್ಟಿಬಿಡಬಹುದು.

ಈಗ ವಂಶವೃಕ್ಷ. ಸೀಕ್ವೆನ್ಸ್‌ಗಳನ್ನು ಆರಿಸಿ ಅಲ್ಲೇ ವೃಕ್ಷ ಬಿಡಿಸುವ ಸೌಲಭ್ಯ ಇದೆ. ಎಚ್‌ಐವಿ-1ರ ಎಂ, ಎನ್, ಓ, ಪಿ ನಾಲ್ಕೂ ಗುಂಪುಗಳಿಂದ ಕೆಲವನ್ನು, ಜೊತೆಗೆ ಚಿಂಪಾಂಜಿ ಮತ್ತು ಗೊರಿಲ್ಲಾದ ವೈರಸ್‌ಗಳನ್ನು ಹಾಕಿ. ಮನುಷ್ಯರದ್ದೆಲ್ಲ ಒಂದೇ ಕೊಂಬೆಗೆ ಬರುತ್ತದೆ ಅಂದುಕೊಂಡಿದ್ದರೆ ಅದು ಆಗುವುದಿಲ್ಲ. ನಾಲ್ಕೂ ಬೇರೆ ಬೇರೆ ಜಾಗದಲ್ಲಿ, ವಾನರ ವೈರಸ್‌ಗಳ ನಡುವೆ ಹೋಗಿ ಕೂರುತ್ತವೆ. ಅಂದರೆ ವೈರಸ್ ಮನುಷ್ಯನಿಗೆ ಬಂದದ್ದು ಒಂದು ಸಲ ಅಲ್ಲ, ನಾಲ್ಕು ಸಲ. ಓ ಮತ್ತು ಪಿ ಗೊರಿಲ್ಲಾದ ಪಕ್ಕದಲ್ಲಿರುತ್ತವೆ. ಲೋಕವನ್ನೆಲ್ಲ ಹಿಂಡಿದ ಎಂ ಗುಂಪು ಎಂಬಿ66, ಎಲ್‌ಬಿ7ನಂಥ ಚಿಂಪಾಂಜಿ ವೈರಸ್‌ಗಳ ಹತ್ತಿರ ಬರುತ್ತದೆ. ಇವೆರಡೂ ಆಗ್ನೇಯ ಕ್ಯಾಮರೂನಿನ ಕಾಡಿನವು. ಕಾಡಿನ ಚಿಂಪಾಂಜಿಯನ್ನು ಹಿಡಿದು ರಕ್ತ ತೆಗೆಯುವುದು ಆಗದ ಮಾತು, ಹಾಗಾಗಿ ನೆಲದ ಮೇಲೆ ಬಿದ್ದ ಲದ್ದಿ ಆಯ್ದು ತಂದು ಅದರಿಂದ ಈ ವೈರಸ್ ಗುರುತಿಸಿ 2006ರಲ್ಲಿ ಪ್ರಕಟಿಸಿದರು. ಆ ಕೆಲಸದ ಫಲ ಇಲ್ಲಿ ಒಂದೊಂದು ಸಾಲಾಗಿ ಕೂತಿದೆ ಅನ್ನುವುದನ್ನು ನೆನೆದರೆ ನನಗೆ ನಿಜಕ್ಕೂ ಗೌರವ ಬರುತ್ತದೆ.

ಪೋಲಿಯೊ ಲಸಿಕೆಯ ಕಥೆಗೂ ಉತ್ತರ ಇದೇ ವೃಕ್ಷದಲ್ಲಿದೆ. ಆ ಕಥೆಯ ಪ್ರಕಾರ ಲಸಿಕೆ ತಯಾರಿಸಲು ಚಿಂಪಾಂಜಿಯ ಅಂಗಾಂಶ ಬಳಸಿದರು, ಆ ಚಿಂಪಾಂಜಿಗಳು ಕಾಂಗೋದ ಕಿಸಂಗಾನಿ ಸುತ್ತಮುತ್ತಲಿನವು. ಅಲ್ಲಿರುವುದು ಪೂರ್ವದ ಉಪಜಾತಿ. ಟಾಂಜಾನಿಯದ ಗೊಂಬೆ ಕಾಡಿನಲ್ಲಿರುವುದೂ ಅದೇ. ಅವುಗಳ ವೈರಸ್ ವೃಕ್ಷದಲ್ಲಿ ಬೇರೆಯದೇ ಕೊಂಬೆ, ಎಚ್‌ಐವಿ-1ರಿಂದ ದೂರ. ಕಿಸಂಗಾನಿ ಕಡೆಯ ಚಿಂಪಾಂಜಿ ವೈರಸ್ ಕೂಡ ಆ ಕೊಂಬೆಯದೇ ಅಂತ 2004ರಲ್ಲಿ ಗೊತ್ತಾಯಿತು. ಅಲ್ಲಿಗೆ ಆ ಕಥೆ ಮುಗಿಯಿತು.

ಒಂದೇ ಒಂದು ಅಕ್ಷರ ನೋಡಬೇಕು ಅನ್ನುವವರಿಗೆ ವೈರಸ್‌ನ ಗ್ಯಾಗ್ ಅನ್ನುವ ಪ್ರೋಟೀನಿನ ಅಲೈನ್‌ಮೆಂಟ್ ಹೇಳುತ್ತೇನೆ. ಇಲ್ಲಿ ಒಂದೊಂದು ಅಕ್ಷರವೂ ಪ್ರೋಟೀನಿನ ಒಂದೊಂದು ಕೊಂಡಿ, ಅಂದರೆ ಅಮೈನೋ ಆಮ್ಲ. ಎಚ್‌ಎಕ್ಸ್‌ಬಿ2 ಲೆಕ್ಕದಲ್ಲಿ 30ನೇ ಜಾಗಕ್ಕೆ ಹೋಗಿ. ಕ್ಯಾಮರೂನಿನ ಚಿಂಪಾಂಜಿ ವೈರಸ್‌ಗಳಲ್ಲಿ ಅಲ್ಲಿ ಎಂ ಅಕ್ಷರ, ಅಂದರೆ ಮೆಥಿಯೋನಿನ್ (ಎಂ ಗುಂಪಿಗೂ ಇದಕ್ಕೂ ಸಂಬಂಧವಿಲ್ಲ). ಎಚ್‌ಐವಿ-1ರಲ್ಲಿ ಹೆಚ್ಚಾಗಿ ಆರ್ಜಿನಿನ್ ಅಥವಾ ಲೈಸಿನ್. ಎಂ, ಎನ್, ಓ ಮೂರೂ ಗುಂಪುಗಳು ಮನುಷ್ಯನಿಗೆ ಬಂದಾಗ ಬೇರೆ ಬೇರೆಯಾಗಿಯೇ ಈ ಬದಲಾವಣೆ ಮಾಡಿಕೊಂಡವು. ಎಚ್‌ಐವಿ-1ನ್ನು ಚಿಂಪಾಂಜಿಯಲ್ಲಿ ಬೆಳೆಸಿದಾಗ ಅದು ಮತ್ತೆ ಮೆಥಿಯೋನಿನ್‌ಗೆ ತಿರುಗಿತು. ಎಂ ಗುಂಪಿನೊಳಗಿನ ಸಿ ಉಪಗುಂಪಿನಲ್ಲಿ ಮಾತ್ರ ಮನುಷ್ಯರಲ್ಲಿ ಇದ್ದುಕೊಂಡೇ ಹೆಚ್ಚಾಗಿ ಮೆಥಿಯೋನಿನ್‌ಗೆ ಹಿಂತಿರುಗಿದೆ, ಅದನ್ನು ಕಂಡು ಗಾಬರಿಯಾಗಬೇಡಿ.

ಏನು ಇಲ್ಲಿ ಸಿಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ವಿವರಣೆ ಕಮ್ಮಿ. ಹೊಸಬರ ಕೈ ಹಿಡಿದು ನಡೆಸುವ ಜಾಗ ಇದಲ್ಲ, ಮೊದಲು ಸ್ವಲ್ಪ ಓದಿಕೊಂಡು ಹೋಗಬೇಕು. ಇಡೀ ಜೀನೋಮ್, ಅಂದರೆ ವೈರಸ್‌ನ ಎಲ್ಲ ಜೀನ್‌ಗಳನ್ನೂ ಹಾಕಿ ಒಂದೇ ವೃಕ್ಷ ಬಿಡಿಸಿ ಅದನ್ನೇ ಪೂರ್ತಿ ಸತ್ಯ ಅಂದುಕೊಳ್ಳುವ ಅಪಾಯವೂ ಇದೆ. ಯಾಕೆಂದರೆ ಚಿಂಪಾಂಜಿಯ ವೈರಸ್ಸೇ ಎರಡು ಕೋತಿ ವೈರಸ್‌ಗಳು ಬೆರೆತು ಆದದ್ದು. ಪೋಲ್ ಅನ್ನುವ ಜೀನ್ ಹಾಕಿದರೆ ಕೆಂಪು ತಲೆಯ ಮ್ಯಾಂಗಬಿಯ ಕಡೆ ವಾಲುತ್ತದೆ. ಎನ್ವ್ ಅನ್ನುವ ಜೀನ್ ಹಾಕಿದರೆ ಗೆನಾನ್ ಜಾತಿಯ ಸಣ್ಣ ಕೋತಿಗಳ ಕಡೆ ಹೋಗುತ್ತದೆ. ಚಿಂಪಾಂಜಿ ಈ ಕೋತಿಗಳನ್ನು ಬೇಟೆಯಾಡಿ ತಿನ್ನುತ್ತದೆ, ಹಾಗೆ ಎರಡೂ ವೈರಸ್ ಅದರ ಮೈ ಸೇರಿರಬೇಕು. ಆದ್ದರಿಂದ ಒಂದೊಂದೇ ಜೀನ್ ತೆಗೆದುಕೊಂಡು ನೋಡಿ.

ಯಾವಾಗ ಬಂತು ಅನ್ನುವ ಪ್ರಶ್ನೆಗೂ ಬರೀ ವೃಕ್ಷ ಸಾಲದು. ಕಾಂಗೋದ ಕಿನ್ಶಾಸಾದಲ್ಲಿ 1959ರಲ್ಲಿ ಒಬ್ಬರಿಂದ, 1960ರಲ್ಲಿ ಇನ್ನೊಬ್ಬರಿಂದ ತೆಗೆದಿಟ್ಟ ಮಾದರಿಗಳಲ್ಲಿ ಸಿಕ್ಕ ವೈರಸ್ ತುಣುಕುಗಳು ಒಂದರಿಂದ ಒಂದು ಆಗಲೇ ಸಾಕಷ್ಟು ಬೇರೆಯಾಗಿದ್ದವು. ಅಷ್ಟು ಬದಲಾಗಲು ಹಿಡಿಯುವ ಕಾಲ ಲೆಕ್ಕ ಹಾಕಿ ಎಂ ಗುಂಪಿನ ಮೂಲ 1908ರ ಆಸುಪಾಸು, ಅಂದರೆ 1884ರಿಂದ 1924ರ ನಡುವೆ ಎಂದು 2008ರಲ್ಲಿ ಅಂದಾಜಿಸಿದರು. ಆಗ ವೈರಸ್ ಕಟ್ಟುವ ಲ್ಯಾಬ್ ಎಲ್ಲಿತ್ತು?

ಜೀವಶಾಸ್ತ್ರ ಓದುವವರಿಗೆ, ಪಾಠ ಮಾಡುವವರಿಗೆ, ಆರೋಗ್ಯದ ಬಗ್ಗೆ ಬರೆಯುವವರಿಗೆ ಐದಕ್ಕೆ ಐದು ಕೊಡುತ್ತೇನೆ. ಒಂದು ಸಂಜೆಯಲ್ಲಿ ಎಲ್ಲ ತಿಳಿಯಬೇಕು ಅನ್ನುವವರಿಗೆ ಇದು ಬೇಡ. ಎಚ್‌ಐವಿ-1 ನೋಡಿ ಮುಗಿದ ಮೇಲೆ ಸೂಟಿ ಮ್ಯಾಂಗಬಿಯ ಗುಂಪನ್ನೂ ತೆರೆಯಿರಿ. ಎಚ್‌ಐವಿ-2ರ ಎ ಇಂದ ಐ ವರೆಗಿನ ಒಂಬತ್ತು ಗುಂಪುಗಳು ಒಂಬತ್ತು ಸಲ ದಾಟಿ ಬಂದ ಲೆಕ್ಕ. ಏಷ್ಯಾದ ಮಕಾಕ್ ಕೋತಿಯ ಎಸ್‌ಐವಿ ಕೂಡ ಮ್ಯಾಂಗಬಿಯ ಕೊಂಬೆಯಲ್ಲೇ ಕಾಣುತ್ತದೆ. ಏಷ್ಯಾದ ಕಾಡಿನ ಕೋತಿಗಳಿಗೆ ಈ ವೈರಸ್ ಇಲ್ಲ, ಅಮೆರಿಕದ ಸಂಶೋಧನಾ ಕೇಂದ್ರಗಳಲ್ಲಿ ಮ್ಯಾಂಗಬಿಗಳಿಂದ ಅವಕ್ಕೆ ದಾಟಿದ್ದು.